ತಗಡು ಹರಿಯುವ ಮೊದಲು

ಬಳ್ಳಾರಿಯಲ್ಲಿ ಐಟಿಐ, ಪಾಲಿಟೆಕ್ನಿಕ್ ಹುಡುಗ ಹುಡುಗಿಯರು ಮತ್ತು ಸಣ್ಣ ವರ್ಕ್‌ಶಾಪ್ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಹೇಳಿದ್ದನ್ನೇ ಹೇಳಿದ್ದು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಉಕ್ಕಿನ ತಗಡಿನ ಕೆಲಸದವನು ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಜನ ಕೇಳುವುದು ಒಂದೇ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಅದನ್ನ ಮೊದಲೇ ಹೇಳೋಕೆ ಆಗ್ತಿರಲಿಲ್ವಾ ಅಂತ. ಇವತ್ತೂ ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು. ನನಗೆ ಆ ವಿದ್ಯೆ ಗೊತ್ತಿಲ್ಲ. ಎಪ್ಪತ್ತು ವರ್ಷ ದುಡಿದ ಉಕ್ಕು ಯಾವತ್ತು ಕೈ ಕೊಡುತ್ತದೆ ಅಂತ ನೋಡುವವರು ಬೇರೆ ಇದ್ದಾರೆ. ನಾನು ನೋಡುವ ತಗಡಿಗೆ ವಯಸ್ಸೇ ಇರುವುದಿಲ್ಲ. ಪ್ರೆಸ್ಸಿನ ಕೆಳಗೆ ಒಂದೆರಡು ಸೆಕೆಂಡಿನಲ್ಲಿ ರೂಪ ಪಡೆಯುವಾಗಲೇ ಅದು ಹರಿದುಹೋಗುತ್ತದೆ. ಆದರೆ ಮೊದಲೇ ಹೇಳಬಹುದಿತ್ತಾ ಅನ್ನುವ ಪ್ರಶ್ನೆ ಮಾತ್ರ ಅಲ್ಲೂ ಅದೇ, ಇಲ್ಲೂ ಅದೇ. ತಗಡಿನ ವಿಷಯದಲ್ಲಿ ಬಹಳ ಮಟ್ಟಿಗೆ ಹೇಳಬಹುದು. ಎಲ್ಲಿ ಮೋಸ ಹೋಗುತ್ತೇವೆ ಅನ್ನುವುದನ್ನೂ ಹೇಳುತ್ತೇನೆ. ನಾನು ಜಾಸ್ತಿ ಕಲಿತದ್ದು ಅಲ್ಲೇ.

ಮನೆಯ ಗ್ಯಾಸ್ ಸಿಲಿಂಡರ್ ನೋಡಿ. 14.2 ಕೆ.ಜಿ. ಸಿಲಿಂಡರಿನ ನಡುವಿಗೆ ಪಟ್ಟಿ ಕಟ್ಟಿದ ಹಾಗೆ ಒಂದು ವೆಲ್ಡಿಂಗ್ ಗೆರೆ ಇರುತ್ತದೆ. ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಾಡಿದ್ದು ಅದು. ಒಂದೊಂದು ಬಟ್ಟಲೂ ಮೊದಲು ದುಂಡನೆಯ ಚಪ್ಪಟೆ ತಗಡು. ಅದಕ್ಕೆ ಬ್ಲ್ಯಾಂಕ್ ಅಂತೀವಿ. ಕೆಳಗೆ ಡೈ, ಮೇಲೆ ಪಂಚ್, ಅಂಚನ್ನು ಒತ್ತಿ ಹಿಡಿಯೋಕೆ ಬ್ಲ್ಯಾಂಕ್ ಹೋಲ್ಡರ್. ಪಂಚ್ ಇಳಿದ ಹಾಗೆ ಅಂಚಿನ ತಗಡು ಒಳಗೆ ಜಾರಿ ಬಂದು ಗೋಡೆಯಾಗಬೇಕು. ಹೋಲ್ಡರ್ ಸಡಿಲ ಬಿಟ್ಟರೆ ಅಂಚಿನಲ್ಲಿ ಸೀರೆ ನೆರಿಗೆಯ ಹಾಗೆ ಸುಕ್ಕು ಬೀಳುತ್ತದೆ. ಬಿಗಿ ಮಾಡಿದರೆ ಅಂಚು ಬರುವುದಿಲ್ಲ, ಪಂಚ್ ಮಾತ್ರ ಇಳಿಯುತ್ತಲೇ ಇರುತ್ತದೆ. ಆಗ ಒಳಗಿರುವ ತಗಡೇ ಹಿಗ್ಗಬೇಕು. ಹಿಗ್ಗಿ ಹಿಗ್ಗಿ, ತಳ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ ಟಪ್ ಅಂತ ತಳವೇ ಕಿತ್ತು ಬರುತ್ತದೆ. ಸುಕ್ಕಿಗೂ ಹರಿಯುವುದಕ್ಕೂ ನಡುವೆ ಇರುವ ಸಣ್ಣ ಸಂದಿನಲ್ಲೇ ನಮ್ಮ ಸಂಬಳ.

ಗುಂಡನೆಯ ಬಟ್ಟಲಿಗೆ ಒಂದು ಅಂದಾಜು ಲೆಕ್ಕ ಇದೆ. ಬ್ಲ್ಯಾಂಕಿನ ವ್ಯಾಸ ಪಂಚಿನ ವ್ಯಾಸಕ್ಕಿಂತ ಸುಮಾರು ಎರಡು ಪಟ್ಟು ಇರಬಹುದು. ಒಳ್ಳೆಯ ತಗಡಾದರೆ ಇನ್ನು ಸ್ವಲ್ಪ. ಅದಕ್ಕಿಂತ ಆಳ ಬೇಕಾದರೆ ಎರಡು ಸಲ ಎಳೆಯಿರಿ. ಬೈಕಿನ ಟ್ಯಾಂಕಿಗೆ, ಕಾರಿನ ಬಾಗಿಲಿಗೆ ಈ ಲೆಕ್ಕ ಸಾಲುವುದಿಲ್ಲ. ಅಲ್ಲಿ ಒಂದೊಂದು ಮೂಲೆಯೂ ಒಂದೊಂದು ಥರ ಹಿಗ್ಗುತ್ತದೆ.

ಈಗ ಮುಖ್ಯ ಮಾತು. ತಗಡು ಯಾಕೆ ಹರಿಯುತ್ತದೆ? "ಸ್ಟ್ರೆಂತ್ ಸಾಲಲಿಲ್ಲ ಸಾರ್" ಅಂತ ಹಿಂದಿನ ಸಾಲಿನಿಂದ ಬಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಹರಿಯುತ್ತಿದ್ದ ಪಾರ್ಟಿಗೆ ಇನ್ನೂ ಗಟ್ಟಿ ತಗಡು ಹಾಕಿಸಿದೆ. ಮೊದಲು ನೂರಕ್ಕೆ ಐದಾರು ಹರಿಯುತ್ತಿದ್ದವು. ಆಮೇಲೆ ಒಂದೂ ಉಳಿಯಲಿಲ್ಲ. ಅವತ್ತು ಸಿಕ್ಕ ಬೈಗುಳ ಇನ್ನೂ ನೆನಪಿದೆ.

ಒಂದು ತಗಡಿನ ಪಟ್ಟಿಯನ್ನು ಎರಡೂ ಕಡೆ ಹಿಡಿದು ಎಳೆಯುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಜಾಗ ಕೂದಲೆಳೆಯಷ್ಟು ಜಾಸ್ತಿ ಹಿಗ್ಗಿತು. ಹಿಗ್ಗಿದ ಉಕ್ಕು ಅಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಜಾಗ ಪಕ್ಕದ ಜಾಗಕ್ಕೆ "ನಂದಾಯ್ತು, ಇನ್ನು ನೀನು ಹಿಗ್ಗು" ಅನ್ನುತ್ತದೆ. ಪಕ್ಕದ್ದು ಹಿಗ್ಗುತ್ತದೆ, ಅದೂ ಗಟ್ಟಿಯಾಗುತ್ತದೆ, ಆಚೆಯದಕ್ಕೆ ದಾಟಿಸುತ್ತದೆ. ಹೀಗೆ ಎಳೆತ ಪಟ್ಟಿಯ ಉದ್ದಕ್ಕೂ ಹಂಚಿಹೋಗುತ್ತದೆ. ಆದರೆ ಹಿಗ್ಗಿದ ಜಾಗ ತೆಳ್ಳಗೂ ಆಗುತ್ತಿದೆ ಅಲ್ವಾ? ಗಟ್ಟಿಯಾಗುವುದು ಲಾಭ, ತೆಳ್ಳಗಾಗುವುದು ನಷ್ಟ. ಲಾಭ ಜಾಸ್ತಿ ಇರುವ ತನಕ ಹಂಚಿಕೆ ನಡೆಯುತ್ತದೆ. ನಷ್ಟ ಮೇಲಾದ ಕ್ಷಣ ಹಂಚಿಕೆ ನಿಂತುಹೋಗುತ್ತದೆ. ಮುಂದಿನ ಎಳೆತವೆಲ್ಲ ಅದೇ ಒಂದು ಜಾಗದ ಪಾಲು. ಅಲ್ಲಿ ಸಣ್ಣ ಸೊಂಟ ಬಿದ್ದ ಹಾಗೆ ಆಗುತ್ತದೆ. ಅದಕ್ಕೇ ನಾವು ನೆಕ್ ಅನ್ನುವುದು. ನೆಕ್ ಬಂದ ಮೇಲೆ ಹರಿಯುವುದು ಬರೀ ಸಮಯದ ಮಾತು. ಈ ಲಾಭ ನಷ್ಟದ ಲೆಕ್ಕವನ್ನು ಫ್ರಾನ್ಸಿನ ಕಾನ್ಸಿಡೇರ್ ಅನ್ನುವ ಎಂಜಿನಿಯರ್ 1885ರಲ್ಲೇ ಹಾಕಿಟ್ಟಿದ್ದರು.

ಹಂಚುವ ಈ ಗುಣಕ್ಕೆ ಒಂದು ನಂಬರ್ ಇದೆ, ಎನ್ ವ್ಯಾಲ್ಯೂ ಅಂತಾರೆ. ಚೆನ್ನಾಗಿ ಎಳೆಯಲು ಬರುವ ಮೆತ್ತಗಿನ ಉಕ್ಕಿನಲ್ಲಿ ಅದು 0.20ರ ಮೇಲೆ ಇರುತ್ತದೆ. ಗಟ್ಟಿ ಉಕ್ಕಿನಲ್ಲಿ ಸಾಮಾನ್ಯವಾಗಿ ಕಡಿಮೆ. ನಾನು ಗಟ್ಟಿ ತಗಡು ಹಾಕಿಸಿ ಕೆಟ್ಟದ್ದು ಇದಕ್ಕೇ. ಬಲ ಜಾಸ್ತಿ ಇತ್ತು, ಹಂಚುವ ಗುಣ ಇರಲಿಲ್ಲ.

ಇನ್ನೊಂದು ನಂಬರ್ ಆರ್ ವ್ಯಾಲ್ಯೂ. ಎಳೆದಾಗ ಪಟ್ಟಿ ಉದ್ದವಾಗುತ್ತದೆ. ಆ ಉದ್ದಕ್ಕೆ ಬೇಕಾದ ಲೋಹ ಎಲ್ಲಿಂದ ಬಂತು? ಅಗಲ ಕಡಿಮೆಯಾಗಿರಬೇಕು, ಇಲ್ಲ ದಪ್ಪ ಕಡಿಮೆಯಾಗಿರಬೇಕು. ಎರಡೂ ಸಮಸಮ ಆದರೆ ಆರ್ 1. ಅಗಲವೇ ಜಾಸ್ತಿ ಬಿಟ್ಟುಕೊಟ್ಟರೆ ಆರ್ ದೊಡ್ಡದು, ಅಂದರೆ ದಪ್ಪ ಉಳಿಯಿತು. ಕಾರಿನ ಹೊರ ಮೈಗೆ ಹಾಕುವ, ಬಿಡಿ ಕಾರ್ಬನ್, ನೈಟ್ರೋಜನ್ ಉಳಿಯದ ಹಾಗೆ ಮಾಡಿದ ಐಎಫ್ ಉಕ್ಕಿನಲ್ಲಿ ಇದು 2ರ ಹತ್ತಿರ ಹೋಗುತ್ತದೆ. ಬಟ್ಟಲು ಎಳೆಯುವವರಿಗೆ ಆರ್ ಮುಖ್ಯ, ಹಿಗ್ಗಿಸುವವರಿಗೆ ಎನ್ ಮುಖ್ಯ. ಸಂಡೂರಿನ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಯಿಲ್, ಅಂದರೆ ತಗಡಿನ ಸುರುಳಿ, ಆಗಿ ಲಾರಿ ಹತ್ತುವುದನ್ನು ನೀವು ದಿನಾ ನೋಡುತ್ತೀರಿ. ಆ ಕಾಯಿಲ್ ಕೊಳ್ಳುವಾಗ ದಪ್ಪ ಮತ್ತು ರೇಟು ಕೇಳುವವರೇ ಜಾಸ್ತಿ. ಈ ಎರಡು ನಂಬರ್ ಕೇಳುವವರು ಕಡಿಮೆ.

(ಇಲ್ಲಿ ಒಂದು ಜೀನ್ಸ್ ಬಟ್ಟೆಯ ತುಂಡು ತೆಗೆದೆ. ಬಳ್ಳಾರಿಯಲ್ಲಿ ಉಪನ್ಯಾಸ ಮಾಡಿ ಜೀನ್ಸ್ ತರದಿದ್ದರೆ ಹೇಗೆ. ಬಾಟಲಿ ಮುಚ್ಚಳ ಇಟ್ಟು ಅದರ ಮೇಲೆ ಸೀಮೆಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದೆ. ಮುಂದಿನ ಸಾಲಿನ ಇಬ್ಬರು ಬಂದು ಎಳೆದರು.)

ನೂಲಿನ ಜಾಡಿನಲ್ಲೇ ನೇರ ಎಳೆದರೆ ವೃತ್ತ ಅಲ್ಲಾಡಲಿಲ್ಲ. ಓರೆಯಾಗಿ ಎಳೆದರೆ ವೃತ್ತ ಮೊಟ್ಟೆಯಾಯಿತು. ಉದ್ದ ಬೆಳೆಯಿತು, ಅಗಲ ಕುಗ್ಗಿತು. ಉಕ್ಕಿನ ಮೇಲೆ ನಾವು ಮಾಡುವುದೂ ಇದನ್ನೇ. ಬ್ಲ್ಯಾಂಕಿನ ಮೇಲೆ 2.5 ಮಿ.ಮೀ. ಅಥವಾ 5 ಮಿ.ಮೀ. ವ್ಯಾಸದ ಸಣ್ಣ ಸಣ್ಣ ವೃತ್ತಗಳನ್ನು ಕರೆಂಟು ಮತ್ತು ಉಪ್ಪಿನ ದ್ರಾವಣದಿಂದ ಅಚ್ಚು ಹಾಕುತ್ತೇವೆ. ಪ್ರೆಸ್ ಮಾಡಿದ ಮೇಲೆ ಒಂದೊಂದು ವೃತ್ತ ಒಂದೊಂದು ಆಕಾರದ ಮೊಟ್ಟೆಯಾಗಿರುತ್ತದೆ. ಎಷ್ಟು ಉದ್ದ, ಎಷ್ಟು ಅಗಲ, ಅಳೆಯಿರಿ. ಆ ಜಾಗ ಏನು ಅನುಭವಿಸಿತು ಅನ್ನುವುದು ಅಷ್ಟರಲ್ಲೇ ಇದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟುವರ್ಟ್ ಕೀಲರ್ ಈ ಅಳತೆಗಳನ್ನು ಒಂದು ಗ್ರಾಫಿಗೆ ಹಾಕಿದರು. ಅಡ್ಡಗೆರೆಯಲ್ಲಿ ಮೊಟ್ಟೆಯ ಅಗಲದ ಬದಲಾವಣೆ, ನಿಂತಗೆರೆಯಲ್ಲಿ ಉದ್ದದ ಬದಲಾವಣೆ. ಹರಿದ ಜಾಗಗಳ ಚುಕ್ಕಿ ಮೇಲೆ, ಹರಿಯದವು ಕೆಳಗೆ, ನಡುವೆ ಒಂದು ಗೆರೆ. ಅವರು ಮಾಡಿದ್ದು ಬಲಗಡೆಯ ಅರ್ಧ, ಅಂದರೆ ಎರಡೂ ದಿಕ್ಕಿನಲ್ಲಿ ಹಿಗ್ಗುವ ಕಡೆ. ಅಗಲ ಕುಗ್ಗುವ ಎಡಗಡೆಯ ಅರ್ಧವನ್ನು ಗಾರ್ಟನ್ ಗುಡ್ವಿನ್ 1968ರಲ್ಲಿ ಸೇರಿಸಿದರು. ಪ್ರೆಸ್ ಶಾಪಿನಲ್ಲಿ ಎಫ್‌ಎಲ್‌ಡಿ ಅಂತ ಕೇಳಿರುತ್ತೀರಿ, ಅದು ಇದೇ. ಫಾರ್ಮಿಂಗ್ ಲಿಮಿಟ್ ಡಯಾಗ್ರಮ್. ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ.

ಈ ವಿ ಅಕ್ಷರದ ತಳ ಎಲ್ಲಿದೆ ಅನ್ನುವುದೇ ಚೆಂದ. ಅಗಲ ಕುಗ್ಗದೆ, ಹಿಗ್ಗದೆ, ಇದ್ದಷ್ಟೇ ಇರುವ ಜಾಗದಲ್ಲಿ. ಯಾಕೆ? ಅಗಲ ಏನೂ ಬಿಟ್ಟುಕೊಡುವುದಿಲ್ಲ. ಉದ್ದಕ್ಕೆ ಬೇಕಾದ ಲೋಹವೆಲ್ಲ ದಪ್ಪದಿಂದಲೇ ಬರಬೇಕು. ಉದ್ದನೆಯ ಪಾರ್ಟುಗಳ ಗೋಡೆಗಳಲ್ಲಿ, ಉಬ್ಬುಗೆರೆಗಳ ಪಕ್ಕದಲ್ಲಿ ಆಗುವುದು ಇದೇ. ಪ್ರೆಸ್ ಶಾಪಿನಲ್ಲಿ ನಾನು ಕಂಡ ಹರಿದ ಜಾಗಗಳಲ್ಲಿ ಹೆಚ್ಚಿನವು ಈ ತಳದ ಹತ್ತಿರದವು. ನೋಡೋಕೆ ಅಂಥ ದೊಡ್ಡ ಹಿಗ್ಗು ಇರುವುದಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಮೆತ್ತಗಿನ ಉಕ್ಕಿಗೆ ಈ ತಳ ಎಷ್ಟು ಎತ್ತರದಲ್ಲಿದೆ ಅಂತ ಹೇಳಲು ಕೀಲರ್ ಮತ್ತು ಬ್ರೇಜಿಯರ್ ಕೊಟ್ಟ ಸೂತ್ರ ಇದೆ. ಬರೆದುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ತಗಡಿನ ದಪ್ಪವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು 14.13ರಿಂದ ಗುಣಿಸಿ, 23.3 ಕೂಡಿಸಿ. ಬಂದದ್ದನ್ನು ಎನ್‌ನಿಂದ ಗುಣಿಸಿ 0.21ರಿಂದ ಭಾಗಿಸಿ. ಎನ್ 0.21 ದಾಟಿದ್ದರೂ 0.21 ಅಂತಲೇ ಹಿಡಿಯಿರಿ. ಬರುವುದು ಶೇಕಡಾವಾರು ಮಿತಿ. 0.8 ಮಿ.ಮೀ. ತಗಡು, ಎನ್ 0.21 ಇದ್ದರೆ ಸುಮಾರು 34.6. ದಪ್ಪ ಜಾಸ್ತಿಯಾದರೆ ಮಿತಿ ಏರುತ್ತದೆ, ಎನ್ ಕಡಿಮೆಯಾದರೆ ಇಳಿಯುತ್ತದೆ.

ಈ ಸೂತ್ರ ನನ್ನನ್ನು ಒಂದು ಸಲ ಉಳಿಸಿದೆ. ಊರು, ಕಂಪನಿ ಬೇಡ. ಒಂದು ಕವರ್ ಪಾರ್ಟು, 0.8 ಮಿ.ಮೀ. ಇಡಿಡಿ ತಗಡು, ಅಂದರೆ ತುಂಬ ಆಳ ಎಳೆಯೋಕೆ ಅಂತಲೇ ಮಾಡಿದ ಮೆತ್ತಗಿನ ತಗಡು. ಎರಡು ವರ್ಷ ಚೆನ್ನಾಗಿ ಓಡಿತ್ತು. ಒಂದು ಸೋಮವಾರ ಹೊಸ ಕಾಯಿಲ್ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಸ್ಕ್ರ್ಯಾಪ್ ಬಿನ್ ತುಂಬಿತು. ಎಲ್ಲರೂ ಕಾಯಿಲ್ ಮೇಲೆ ಬಿದ್ದರು. ತಗಡು ಕೊಟ್ಟವರು ಸರ್ಟಿಫಿಕೇಟ್ ತೋರಿಸಿದರು. ಯೀಲ್ಡು, ಟೆನ್ಸೈಲ್, ಇಲಾಂಗೇಶನ್ ಎಲ್ಲ ಸರಿ. ಎನ್ ಎಷ್ಟು ಅಂತ ಅದರಲ್ಲಿ ಇರಲೇ ಇಲ್ಲ. ಆರ್ಡರಿನಲ್ಲಿ ನಾವೇ ಕೇಳಿರಲಿಲ್ಲ!

ಹಳೆ ಕಾಯಿಲಿನ ಒಂದು ಬ್ಲ್ಯಾಂಕ್ ಹುಡುಕಿ ವೃತ್ತ ಹಾಕಿ ಪ್ರೆಸ್ ಮಾಡಿದೆ. ಅದು ಹರಿಯಲಿಲ್ಲ. ಆದರೆ ಹೊಸದು ಹರಿಯುತ್ತಿದ್ದ ಜಾಗದಲ್ಲೇ 2.5 ಮಿ.ಮೀ. ವೃತ್ತ 3.2 ಆಗಿತ್ತು. ಅಗಲ ಹಾಗೇ 2.5. ಅಂದರೆ 28 ಶೇಕಡಾ ಹಿಗ್ಗು, ದಪ್ಪ 0.8ರಿಂದ 0.625ಕ್ಕೆ ಇಳಿದಿದೆ. ಮಿತಿ 34.6. ಕನಿಷ್ಠ 10 ಅಂಕ ಕೆಳಗಿರಬೇಕು ಅನ್ನುವುದು ಪ್ರೆಸ್ ಶಾಪಿನ ರೂಢಿ, ನಮಗಿದ್ದದ್ದು ಆರೂವರೆ. ಎರಡು ವರ್ಷ ನಾವು ಬಾವಿಯ ಕಟ್ಟೆ ಮೇಲೆ ನಡೆದಿದ್ದೆವು, ಬಿದ್ದಿರಲಿಲ್ಲ ಅಷ್ಟೇ. ಹೊಸ ಕಾಯಿಲಿನ ಎನ್ ಲ್ಯಾಬಿನಲ್ಲಿ ನೋಡಿಸಿದರೆ 0.18. ಸೂತ್ರಕ್ಕೆ ಹಾಕಿ: ಮಿತಿ 29.7ಕ್ಕೆ ಇಳಿಯಿತು. 28ಕ್ಕೂ 29.7ಕ್ಕೂ ನಡುವೆ ಉಳಿದದ್ದು ಎಷ್ಟು? ಎಣ್ಣೆ ಸ್ವಲ್ಪ ಕಡಿಮೆ ಬಿದ್ದರೆ ಮುಗಿಯಿತು.

ಡೈ ಬಾಯಿಯ ದುಂಡನ್ನು ದೊಡ್ಡದು ಮಾಡಿ ಪಾಲಿಶ್ ಹಾಕಿಸಿದೆವು. ಹಿಗ್ಗು 22ಕ್ಕೆ ಬಂತು. ಅದೇ ಹೊಸ ಕಾಯಿಲ್ ಪೂರ್ತಿ ಓಡಿತು. ಕಾಯಿಲ್ ಕೊಟ್ಟವರ ಹತ್ತಿರ ನಾವು ಯಾರೂ ಕ್ಷಮೆ ಕೇಳಲಿಲ್ಲ. ಅದೊಂದು ಬಾಕಿ ಇದೆ.

ಈಗ ಮೋಸದ ಕಡೆ. ಎಫ್‌ಎಲ್‌ಡಿ ಅನ್ನುವ ಈ ನಕಾಶೆಯ ಮೇಲೆ ನನಗೆ ಪ್ರೀತಿ ಇದೆ, ಪೂರ್ತಿ ನಂಬಿಕೆ ಇಲ್ಲ.

ಮೊದಲನೆಯದು ಅಂಚು. ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ನಡುವೆ ತೂತು ಬೀಳುವುದಕ್ಕಿಂತ ಅಂಚು ಬಿರಿಯುವುದೇ ಜಾಸ್ತಿ. ತಗಡಿನಲ್ಲೂ ಪಂಚ್ ಮಾಡಿದ ತೂತಿನ ಅಂಚು, ಕತ್ತರಿಸಿದ ಅಂಚು ಬೇರೆಯದೇ ಕಥೆ. ಕತ್ತರಿಸುವಾಗಲೇ ಆ ಅಂಚು ಜಜ್ಜಿ ಗಟ್ಟಿಯಾಗಿರುತ್ತದೆ, ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅದರ ಹಿಗ್ಗುವ ಶಕ್ತಿ ಅರ್ಧ ಅಲ್ಲೇ ಖರ್ಚಾಗಿದೆ. ಎಫ್‌ಎಲ್‌ಡಿ ತಗಡಿನ ನಡುವಿನ ನೆಕ್ ಬಗ್ಗೆ ಹೇಳುತ್ತದೆ, ಅಂಚಿನ ಬಗ್ಗೆ ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. 10 ಮಿ.ಮೀ. ತೂತು ಹೊಡೆದು, 60 ಡಿಗ್ರಿ ಶಂಕುವಿನ ಪಂಚಿನಿಂದ ಅಂಚು ಪೂರ್ತಿ ಬಿರಿಯುವ ತನಕ ಅಗಲಿಸುತ್ತಾರೆ. ಎಷ್ಟು ಶೇಕಡಾ ಅಗಲವಾಯಿತೋ ಅದೇ ಅಂಚಿನ ಮಿತಿ. ಡ್ಯುಯಲ್ ಫೇಸ್ ಅನ್ನುವ ಗಟ್ಟಿ ಉಕ್ಕುಗಳಲ್ಲಿ ಇದು ದೊಡ್ಡ ತಲೆನೋವು. ಮೆತ್ತಗಿನ ಫೆರೈಟ್ ನಡುವೆ ಗಟ್ಟಿ ಮಾರ್ಟೆನ್‌ಸೈಟಿನ ಸಣ್ಣ ಕಾಳುಗಳು. ಕತ್ತರಿಸುವಾಗ ಕಾಳಿನ ಸುತ್ತಲೇ ಬಿಡುತ್ತದೆ.

ಒಂದು ಬ್ರಾಕೆಟ್ಟಿನಲ್ಲಿ ಕಂಪ್ಯೂಟರ್ ತೋರಿಸಿದ ಚಿತ್ರ ಪೂರ್ತಿ ಹಸಿರು ಇತ್ತು, ಅಂದರೆ ಎಲ್ಲೂ ಹರಿಯುವುದಿಲ್ಲ ಅಂತ. ಪಾರ್ಟು ಮಾತ್ರ ತೂತಿನ ಅಂಚಿನಿಂದ ಸೀಳುತ್ತಿತ್ತು. ಒಂದು ವಾರ ನಾವು ಕಂಪ್ಯೂಟರಿನ ಮುಂದೆ ಕೂತೆವು. ಕೊನೆಗೆ ಪ್ರೆಸ್ಸಿನ ಆಪರೇಟರ್ ಒಬ್ಬರು, "ಸಾರ್, ಪಂಚ್ ಮೊಂಡಾಗಿದೆ, ಬರ್ ಬೇರೆ ಹೊರಗಡೆ ಬರ್ತಿದೆ" ಅಂದರು. ಪಂಚ್ ಸಾಣೆ ಹಿಡಿಸಿ, ಬರ್, ಅಂದರೆ ಕತ್ತರಿಸಿದಾಗ ಅಂಚಿನಲ್ಲಿ ಏಳುವ ಮುಳ್ಳು, ಇರುವ ಮುಖ ಬಾಗಿನ ಒಳಗಡೆ ಬರುವ ಹಾಗೆ ಬ್ಲ್ಯಾಂಕನ್ನು ಮಗುಚಿ ಹಾಕಿದೆವು. ನಿಂತುಹೋಯಿತು.

ಎರಡನೆಯದು ದಾರಿ. ನಕಾಶೆಯ ಗೆರೆ ಎಳೆಯುವಾಗ ತಗಡು ಮೊದಲಿನಿಂದ ಕೊನೆ ತನಕ ಒಂದೇ ರೀತಿ ಹಿಗ್ಗಿದೆ ಅಂತ ಇಟ್ಟುಕೊಂಡಿರುತ್ತಾರೆ. ಎರಡು ಮೂರು ಸಲ ಪ್ರೆಸ್ ಮಾಡುವ ಪಾರ್ಟಿನಲ್ಲಿ ಹಾಗಿರುವುದಿಲ್ಲ. ಮೊದಲ ಸಲ ಎಲ್ಲ ದಿಕ್ಕಿಗೂ ಹಿಗ್ಗಿಸಿ, ಎರಡನೇ ಸಲ ಒಂದೇ ದಿಕ್ಕಿಗೆ ಎಳೆದರೆ ಮಿತಿ ಗೆರೆಗಿಂತ ಕೆಳಗೆ ಇಳಿಯುತ್ತದೆ. ಮೊದಲು ಒಂದೇ ದಿಕ್ಕಿಗೆ ಎಳೆದು ಆಮೇಲೆ ಎಲ್ಲ ಕಡೆ ಹಿಗ್ಗಿಸಿದರೆ ಮೇಲೇರುತ್ತದೆ. ಹಿಗ್ಗಿನ ಬದಲು ಒತ್ತಡದ, ಅಂದರೆ ಸ್ಟ್ರೆಸ್ಸಿನ, ಲೆಕ್ಕದಲ್ಲಿ ಗೆರೆ ಬರೆದರೆ ಅದು ಇಷ್ಟು ಅಲುಗಾಡುವುದಿಲ್ಲ ಅಂತ ಕಂಡುಕೊಂಡಿದ್ದಾರೆ. ಆದರೆ ಒತ್ತಡವನ್ನು ವೃತ್ತದ ಹಾಗೆ ಪಟ್ಟಿ ಹಿಡಿದು ಅಳೆಯೋಕೆ ಬರುವುದಿಲ್ಲ. ಕಂಪ್ಯೂಟರ್ ಬೇಕೇ ಬೇಕು.

ಕಂಪ್ಯೂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಟೋಫಾರ್ಮ್, ಪ್ಯಾಮ್-ಸ್ಟ್ಯಾಂಪ್, ಎಲ್‌ಎಸ್-ಡೈನಾ ಅನ್ನುವ ಸಾಫ್ಟ್‌ವೇರ್‌ಗಳು ಎಲ್ಲವೂ ಒಳ್ಳೆಯವೇ. ಡೈ ಕೊರೆಯುವ ಮೊದಲೇ ಹತ್ತು ತಪ್ಪು ತೋರಿಸುತ್ತವೆ, ಲಕ್ಷಗಟ್ಟಲೆ ಉಳಿಸುತ್ತವೆ. ಆದರೆ ಅದಕ್ಕೆ ನಾವು ಕೊಡುವ ಘರ್ಷಣೆಯ ನಂಬರ್ ಒಂದೇ ಒಂದು. ಬೆಳಿಗ್ಗೆಯ ಪ್ರೆಸ್ಸೂ ಮಧ್ಯಾಹ್ನ ಕಾದ ಪ್ರೆಸ್ಸೂ ಒಂದೇ ಅಲ್ಲ. 1967ರಲ್ಲಿ ಮಾರ್ಸಿನಿಯಾಕ್ ಮತ್ತು ಕುಚಿನ್‌ಸ್ಕಿ ಅನ್ನುವ ಪೋಲೆಂಡಿನ ಇಬ್ಬರು ಒಂದು ದಾರಿ ತೋರಿಸಿದರು. ತಗಡಿನಲ್ಲಿ ಮೊದಲೇ ಒಂದು ಸಣ್ಣ ತೆಳು ಪಟ್ಟಿ ಇದೆ ಅಂತ ಇಟ್ಟುಕೊಂಡೇ ಲೆಕ್ಕ ಶುರು ಮಾಡಿ ಅಂದರು. ತಪ್ಪಿಲ್ಲದ ತಗಡು ಇಲ್ಲ ಅಂತ ಒಪ್ಪಿಕೊಂಡ ಲೆಕ್ಕ ಅದು. ನನಗೆ ಅದಕ್ಕೇ ಇಷ್ಟ.

ಮೂರನೆಯದು ನಮ್ಮ ಬಿಸಿಲು. ಹಳೆ ಜೋಳದ ಹಿಟ್ಟಿನಲ್ಲಿ ಜಿಗಿ ಹೋಗಿರುತ್ತದೆ, ಎಷ್ಟು ನಾದಿದರೂ ರೊಟ್ಟಿ ಬಿರಿಯುತ್ತದೆ ಅಲ್ವಾ? ಕೆಲವು ಸಾದಾ ತಗಡುಗಳೂ ಹಾಗೇ. ಉಕ್ಕಿನೊಳಗೆ ಬಿಡಿಯಾಗಿ ಉಳಿದ ಕಾರ್ಬನ್, ನೈಟ್ರೋಜನ್ ನಿಧಾನಕ್ಕೆ ಸರಿದು ಹೋಗಿ, ಉಕ್ಕು ಒಳಗೊಳಗೇ ಜಾರಿ ಹಿಗ್ಗುವುದನ್ನು ತಡೆದುಬಿಡುತ್ತವೆ. ಶಾಖ ಜಾಸ್ತಿಯಾದಷ್ಟೂ ಬೇಗ. ಮೇ ತಿಂಗಳ ಬಳ್ಳಾರಿಯಲ್ಲಿ ತಗಡು ಹೊದಿಸಿದ ಶೆಡ್ಡಿನೊಳಗೆ ಕಾಯಿಲನ್ನು ತಿಂಗಳುಗಟ್ಟಲೆ ಇಟ್ಟರೆ ಪ್ರೆಸ್ ಮಾಡಿದಾಗ ಮೈ ಮೇಲೆ ಹುಳು ಹರಿದ ಹಾಗೆ ಗೆರೆಗಳು ಬರುತ್ತವೆ, ಹಿಗ್ಗೂ ಕಡಿಮೆಯಾಗುತ್ತದೆ. ಐಎಫ್ ಉಕ್ಕಿಗೆ ಈ ಕಾಟ ಇಲ್ಲ. ಉಳಿದವುಗಳಲ್ಲಿ ಮೊದಲು ಬಂದ ಕಾಯಿಲನ್ನು ಮೊದಲು ಓಡಿಸಿ. ರೇಟು ಕಡಿಮೆ ಇದ್ದಾಗ ಕೊಂಡು ಕೂಡಿಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ.

ಆಮೇಲೆ ಪ್ರಶ್ನೆಗಳು ಬಂದವು.

ಐಟಿಐ ಓದುವ ಹುಡುಗಿಯೊಬ್ಬಳು, "ಸಾರ್, ವೃತ್ತ ಹಾಕೋ ಮಷೀನ್ ನಮ್ಮಲ್ಲಿ ಇಲ್ಲ. ಸ್ಕ್ರೈಬರಿನಲ್ಲಿ ಗೀಚಿದರೆ ಆಗಲ್ವಾ?" ಅಂತ ಕೇಳಿದಳು. ಬೇಡಮ್ಮ, ಗೀರು ಬಿದ್ದರೆ ನೆಕ್ ಅಲ್ಲೇ ಶುರುವಾಗುತ್ತದೆ, ನೀನು ಅಳೆಯುವುದು ನಿನ್ನ ಗೀರನ್ನೇ ಅಂದೆ. ಅಚ್ಚು ಹಾಕೋಕೆ ಬೇಕಾದದ್ದು ಒಂದು ಸ್ಟೆನ್ಸಿಲ್, ಕಡಿಮೆ ವೋಲ್ಟಿನ ಟ್ರಾನ್ಸ್‌ಫಾರ್ಮರ್, ದ್ರಾವಣದಲ್ಲಿ ನೆನೆಸಿದ ಫೆಲ್ಟ್ ತುಂಡು. ಅದೂ ಇಲ್ಲದಿದ್ದರೆ ಹರಿಯುವ ಪಾರ್ಟನ್ನು ಅರ್ಧಕ್ಕೆ ನಿಲ್ಲಿಸಿ, ಅನುಮಾನ ಇರುವ ಜಾಗ ಕತ್ತರಿಸಿ, ತುದಿ ಚೂಪಾದ ಮೈಕ್ರೋಮೀಟರಿನಲ್ಲಿ ದಪ್ಪ ನೋಡು. ನೆಕ್ ಬಂದಿದ್ದರೆ ಉಗುರು ಆಡಿಸಿದರೂ ತಿಳಿಯುತ್ತದೆ. ತಂದಿದ್ದ ಒಂದು ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಬಿರುಕಿಲ್ಲದ ಕಡೆಯೂ ಅವಳ ಉಗುರು ಒಂದು ಕಡೆ ತಡೆಯಿತು.

ಪಾತ್ರೆ ಅಂಗಡಿಯ ಹಿರಿಯರೊಬ್ಬರು ಕೇಳಿದ್ದು ನನಗೆ ಇಷ್ಟವಾದ ಪ್ರಶ್ನೆ. ಕಡಿಮೆ ಬೆಲೆಯ ಸ್ಟೀಲ್ ಡಬ್ಬಿ ಅಂಗಡಿಗೆ ಬಂದಾಗ ಸರಿ ಇತ್ತಂತೆ. ಕೆಲವು ದಿನ ಬಿಟ್ಟು ನೋಡಿದರೆ ಬಾಯಿಂದ ಕೆಳಗೆ ಉದ್ದಕ್ಕೆ ಸೀಳಿತ್ತಂತೆ, ಯಾರೂ ಮುಟ್ಟಿರಲಿಲ್ಲ. ದೆವ್ವ ಅಲ್ಲ ಅಣ್ಣಾ, ನಿಕಲ್ ಕಡಿಮೆ ಇರುವ 200 ಸರಣಿಯ ಸ್ಟೇನ್‌ಲೆಸ್ಸಿನಲ್ಲಿ ಹೀಗಾಗುತ್ತದೆ ಅಂದೆ. ಆಳ ಎಳೆದಾಗ ಅದರ ಒಳರಚನೆಯಲ್ಲಿ ಒಂದು ಭಾಗ ಮಾರ್ಟೆನ್‌ಸೈಟ್ ಆಗಿ ಗಡುಸಾಗುತ್ತದೆ. ಬಾಯಿಯ ಹತ್ತಿರ ಎಳೆತ ಒಳಗೇ ಉಳಿದಿರುತ್ತದೆ. ಉಕ್ಕಿನಲ್ಲಿರುವ ಅಷ್ಟಿಷ್ಟು ಹೈಡ್ರೋಜನ್ ಉಳಿದ ಕೆಲಸ ಮಾಡುತ್ತದೆ. ನಾನು ಹೇಳಿದ ಎಫ್‌ಎಲ್‌ಡಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಆಳ ಕಡಿಮೆ ಮಾಡಬೇಕು, ಇಲ್ಲ ನಡುವೆ ಒಮ್ಮೆ ಕಾಯಿಸಿ ಆರಿಸಬೇಕು, ಇಲ್ಲ ನಿಕಲ್ ಜಾಸ್ತಿ ಇರುವ 304 ಕೊಳ್ಳಬೇಕು. "304 ಕೊಂಡರೆ ಗಿರಾಕಿ ಕೊಳ್ಳೋದಿಲ್ಲ" ಅಂದರು ಅವರು. ಎಲ್ಲರೂ ನಕ್ಕರು.

ಎಲ್ಲ ಮುಗಿದು ಮೈಕ್ ಆರಿಸಿದ ಮೇಲೆ ಒಬ್ಬರು ಚೀಲದಿಂದ ಕೂಲರಿನ ತಳದ ತಗಡು ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಮೂಲೆಯಲ್ಲಿ ಒಂದು ಮಾತ್ರ ಹರಿದಿತ್ತು. ಯಾವಾಗಲೂ ಅದೇ ಮೂಲೆಯಾ ಅಂತ ಕೇಳಿದೆ. ಹೌದಂತೆ. ಹಾಗಾದರೆ ತಗಡಿನ ಮೇಲೆ ಅನುಮಾನ ಬೇಡ, ಡೈಯ ಆ ಮೂಲೆಯಲ್ಲಿ ಏನೋ ಕಚ್ಚಿಕೊಂಡಿರಬೇಕು, ಇಲ್ಲ ಹೋಲ್ಡರ್ ಅಲ್ಲಿ ಓರೆ ಕೂತಿರಬೇಕು ಅಂದೆ. ಖಾತ್ರಿ ಬೇಕಿದ್ದರೆ ನಾಳೆ ಹತ್ತು ಬ್ಲ್ಯಾಂಕಿನ ಮೇಲೆ ಕಾಯಿಲಿನ ದಿಕ್ಕು ಬಾಣದಲ್ಲಿ ಗುರುತು ಮಾಡಿ, ಐದನ್ನು ಹಾಗೇ ಹಾಕಿ, ಐದನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ಹರಿಯುವ ಜಾಗ ಬ್ಲ್ಯಾಂಕಿನ ಜೊತೆ ತಿರುಗುತ್ತದೋ ಇಲ್ಲ ಡೈಯ ಮೂಲೆಯಲ್ಲೇ ನಿಲ್ಲುತ್ತದೋ ನೋಡಿ ಫೋನ್ ಮಾಡಿ ಅಂತ ನಂಬರ್ ಕೊಟ್ಟೆ. ಮರುದಿನ ಮಧ್ಯಾಹ್ನ ಫೋನ್ ಬಂತು. ಹತ್ತೂ ಡೈಯ ಅದೇ ಮೂಲೆಯಲ್ಲಿ ಹರಿದಿದ್ದವು.